ಹೆಪ್ಪು

ಬೆಳಗಿನ ಜಾವ ಮೂರಕ್ಕೆ ಕುಲಶೇಖರದ ಡೈರಿ ಗೇಟಿನೆದುರು
ನನ್ನ ಟೆಂಪೊ ಸಾಲಿನಲ್ಲಿ ನಾಲ್ಕನೆಯದು.
ಬಿಕರ್ನಕಟ್ಟೆ, ನಂತೂರು, ಕದ್ರಿ, ಬಿಜೈ.
ಊರಿಗೆಲ್ಲ ಹಾಲು ಇಳಿಸಿ ಮನೆಗೆ ಬಂದವನು
ಮೊದಲು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಅಂಗಿ ಬಿಚ್ಚುತ್ತೇನೆ,
ಮೊಣಕೈವರೆಗೆ ಸೋಪು ತಿಕ್ಕುತ್ತೇನೆ
ಕೊಲೆ ಮಾಡಿ ಬಂದವನ ಹಾಗೆ.

ಒಳಗೆ ರೆನಿಟಾ ಮಲಗಿದ್ದಾಳೆ,
ಕೈಗಳಿಗೆ ಕಾಲುಚೀಲ ಹಾಕಿಕೊಂಡು.

ಒಂದು ವರ್ಷ ನಾಲ್ಕು ತಿಂಗಳು.
ಮೊಣಕಾಲ ಹಿಂದೆ, ಕಿವಿಯ ಬುಡದಲ್ಲಿ, ಎರಡೂ ಕೆನ್ನೆಯಲ್ಲಿ
ಹುರುಪೆ ಎದ್ದ ಮೀನಿನಂಥ ಚರ್ಮ.
ಸೆಕೆಗೆ ಕೆಂಪಾಗುತ್ತದೆ, ಮಳೆಗೆ ನೀರಾಡುತ್ತದೆ.
ರಾತ್ರಿ ಅಳುವುದಿಲ್ಲ ಅವಳು, ತುರಿಸುತ್ತಾಳೆ.
ತುರಿ ಎಂಬ ಒಂದೇ ಮಾತನ್ನು
ತೆಂಗಿನಕಾಯಿಗೂ ಮಗುವಿನ ಮೈಗೂ ಇಟ್ಟವರು ಯಾರೋ,
ಕತ್ತಲಲ್ಲಿ ಆ ಸದ್ದು ಕೇಳಿದವರೇ ಇರಬೇಕು.

ಬಂಗುಡೆ ನಂಜು ಎಂದರು, ಬಿಟ್ಟಳು ಜೆಸಿಂತಾ.
ಬದನೆ ನಂಜು, ಸಿಗಡಿ ನಂಜು, ಹಲಸು ನಂಜು.
ಎದೆಹಾಲು ಕುಡಿಸುವ ಹೆಂಗಸು
ಬರೇ ಉಪ್ಪು, ಅನ್ನ, ಹೆಸರುಬೇಳೆ ಉಂಡಳು ಐದು ತಿಂಗಳು.
ಹಾಲಿನ ಹೆಸರು ಮಾತ್ರ ಒಬ್ಬರೂ ಎತ್ತಲಿಲ್ಲ.
ಹಾಲು ನಂಜಾದೀತೆಂದು ಯಾರ ಬಾಯಲ್ಲಿ ಬರುತ್ತದೆ ಹೇಳಿ?

ಬಂದದ್ದು ಕಂಕನಾಡಿಯ ಡಾಕ್ಟರಮ್ಮನ ಬಾಯಲ್ಲಿ.
ಹಾಲು, ತುಪ್ಪ, ಮಾರಿ ಬಿಸ್ಕತ್ತು, ಎಲ್ಲ ನಿಂತಿತು.
ಮುಲಾಮು ದಿನಕ್ಕೆ ಮೂರು ಸಲ.
ಮತ್ತೆ ಒಂದು ಪುಡಿ: "ಇದರಲ್ಲಿ ಒಳ್ಳೆಯ ಕ್ರಿಮಿಗಳಿವೆ,
ಮೊಸರಲ್ಲಿರುತ್ತವಲ್ಲ, ಅವುಗಳ ದಾಯಾದಿಗಳು.
ಹಾಲಿನ ಅಂಶ ಇಲ್ಲದ್ದೇ ಬೇಕು, ಡಬ್ಬಿ ಓದಿ ತಗೊಳ್ಳಿ."
ಇದರಿಂದ ಗುಣವಾಗ್ತದಾ, ಕೇಳಿದೆ.
ಕನ್ನಡಕ ತೆಗೆದು ಒರೆಸಿಕೊಂಡರು.
"ಕೆಲವು ಮಕ್ಕಳಿಗೆ ಆದ ಹಾಗೆ ಕಾಣ್ತದೆ. ಕೆಲವರಿಗೆ ಏನೂ ಆಗಿಲ್ಲ.
ಎರಡು ತಿಂಗಳು ನೋಡುವ. ಗೊತ್ತಿಲ್ಲ, ಸಿರಿಲ್."
ಗೊತ್ತಿಲ್ಲ ಎಂದ ಮೊದಲ ಡಾಕ್ಟರು.
ಯಾಕೋ ಅಲ್ಲೇ ನನಗೆ ನಂಬಿಕೆ ಬಂತು.

ಪೊಟ್ಟಣವೊಂದಕ್ಕೆ ಎಷ್ಟು ಹಾಲಿನ ಪ್ಯಾಕೆಟ್ಟಿನ ಕಮಿಷನ್
ಎಂಬ ಲೆಕ್ಕ ನನ್ನ ಹತ್ತಿರ ಇದೆ.
ಹೇಳಬೇಡಿ ಎಂದಿದ್ದಾಳೆ ಜೆಸಿಂತಾ.

ನಕ್ಕದ್ದು ಅತ್ತೆ, ಕಾರ್ಮಿನ್ ಮಾಂಯ್.
"ಹಾಲಿಲ್ಲದೆ ಹೆಪ್ಪಾ? ನೀರಿಗೆ ಹೆಪ್ಪು ಹಾಕುವ ಕಾಲ!"
ಐವತ್ತು ವರ್ಷ ಮೊಸರಿನ ಮಡಕೆ ಬರಿದಾಗಲು ಬಿಡದವಳು,
ಒಮ್ಮೆ ಬರಿದಾದಾಗ ಸುರಿಯುವ ಮಳೆಯಲ್ಲಿ
ಲಕ್ಷ್ಮಕ್ಕನ ಮನೆಯ ಕಂಪೌಂಡಿಗೆ ಏಣಿ ಇಟ್ಟು
ಒಂದು ಚಮಚ ಹೆಪ್ಪು ಸಾಲ ತಂದವಳು.
ಆದರೂ ಮರುದಿನ ನಾನು ಪೊಟ್ಟಣ ಹರಿದು
ಗಂಜಿಯ ತಿಳಿಗೆ ಸುರಿಯಲು ಹೋದಾಗ
ಕೈ ಹಿಡಿದಳು, ಬಟ್ಟಲಿಗೆ ಕಿರುಬೆರಳು ಅದ್ದಿ ನೋಡಿದಳು:
"ಬಿಸಿ ಉಂಟು. ಸಾಯ್ತಾವೆ ಪಾಪ."
ಡಬ್ಬಿಯ ಮೇಲೆ ಅದನ್ನೇ ಸಣ್ಣಕ್ಷರದಲ್ಲಿ ಬರೆದಿತ್ತು,
ನಾನು ಓದಿದ್ದು ಆಮೇಲೆ.

ಮೊಂತಿ ಹಬ್ಬಕ್ಕೆ ಹೊಸ ತೆನೆ ಬಂತು.
ಪ್ರತಿವರ್ಷ ದನದ ಹಾಲಿಗೆ ಬೀಳುತ್ತಿದ್ದ ಕಾಳನ್ನು
ಮಾಂಯ್ ಯಾರಿಗೂ ಹೇಳದೆ ತೆಂಗಿನ ಹಾಲಿಗೆ ಹಾಕಿದಳು.
ರೆನಿಟಾ ಮೊದಲ ಸಲ ಎಲ್ಲರ ಬಟ್ಟಲಿನದನ್ನೇ ಉಂಡಳು,
ಗಲ್ಲಕ್ಕೆಲ್ಲ ಮೆತ್ತಿಕೊಂಡು.
ನಾವು ನಾಲ್ವರೂ ಆ ಗಲ್ಲವನ್ನೇ ನೋಡುತ್ತ ಕೂತೆವು
ಅರ್ಧ ಗಂಟೆ. ಏನೂ ಏಳಲಿಲ್ಲ.

ಇವತ್ತು ಒಂಬತ್ತನೆಯ ವಾರ.
ಒಂದು ಕಾಲುಚೀಲ ಕಳಚಿ ಚಾಪೆಯ ಮೇಲೆ ಬಿದ್ದಿದೆ,
ಬಿಡುವಾದ ಕೈ ಸುಮ್ಮನೆ ತೆರೆದುಕೊಂಡಿದೆ.
ಹಾಲು ಬಿಟ್ಟದ್ದೋ, ಮುಲಾಮೋ, ಪುಡಿಯೋ,
ಮಳೆ ಹಿಂದಾದದ್ದೋ,
ಬರೇ ವಯಸ್ಸೋ.
ಹತ್ತಿರ ಹೋಗಿ ಮೊಣಕಾಲ ಹಿಂದೆ ನೋಡುವ ಅಂತ ಹೆಜ್ಜೆ ಎತ್ತಿದರೆ
ಅಡುಗೆಮನೆಯಿಂದ ಮಾಂಯ್:
"ಹೆಪ್ಪು ಹಾಕಿದ ಪಾತ್ರೆ ಅಲುಗಿಸಬಾರದು, ಸಿರಿಲ್.
ಗಳಿಗೆಗೊಮ್ಮೆ ಮುಚ್ಚಳ ತೆಗೆದು ನೋಡಿದರೆ
ಮೊಸರಾಗುವುದಿಲ್ಲ."

ಒದ್ದೆ ಕೈಯಲ್ಲೇ ಹೊಸ್ತಿಲಲ್ಲಿ ನಿಂತಿದ್ದೇನೆ.